ಲಿವರ್ ಕೊಟ್ಟವನಿಗೆ ಸನ್ಮಾನ

ನನ್ನ ಲಿವರಿನ ಒಂದು ಭಾಗವನ್ನು ತಂಗಿಗೆ ಕೊಟ್ಟದ್ದಕ್ಕೆ ಶಿರಸಿಯ ಸಂಘವೊಂದು ನನ್ನನ್ನು ಸನ್ಮಾನಿಸಲು ಹೊರಟಿತು. ಅದಕ್ಕೆ ಹೂಂ ಅಂದ ಮನುಷ್ಯನ ಬಗ್ಗೆ, ಅಂದರೆ ನನ್ನ ಬಗ್ಗೆಯೇ, ನನಗೆ ಇಂದಿಗೂ ಗೌರವವಿಲ್ಲ.

ತಂಗಿಗೆ ಹುಟ್ಟಿನಿಂದಲೇ ಸಿಸ್ಟಿಕ್ ಫೈಬ್ರೋಸಿಸ್. ಬೆವರಿನಲ್ಲಿ ವಿಪರೀತ ಉಪ್ಪು, ಎದೆಯಲ್ಲಿ ಅಂಟು ಕಫ, ನಿಧಾನಕ್ಕೆ ಲಿವರನ್ನೂ ಕೆಡಿಸುವ ಕಾಯಿಲೆ. ತೊಂಬತ್ತರ ದಶಕದಲ್ಲಿ ನಾವು ತೋರಿಸಿದ ವೈದ್ಯರು ಅದನ್ನು ಎರಡು ಸಲ ಕ್ಷಯ ಎಂದರು, ಆಮೇಲೆ ಉಬ್ಬಸ ಎಂದರು. ಸರಿಯಾದ ಹೆಸರು ಗೊತ್ತಾಗುವ ಹೊತ್ತಿಗೆ ಅವಳು ಶಿರಸಿಯಲ್ಲಿ ಟೈಪಿಂಗ್ ಕಲಿಸುತ್ತಿದ್ದಳು, ರಕ್ತ ವಾಂತಿಯೂ ಶುರುವಾಗಿತ್ತು. ಬೆಂಗಳೂರಿನಲ್ಲಿ ಲಿವರ್ ಕಸಿಯಾಯಿತು. ಅಲ್ಲಿಯವರೆಗೆ ನಾನು ಸರಿಯಾಗಿಯೇ ನಡೆದುಕೊಂಡಿದ್ದೆ.

ಊರಿಗೆ ಬಂದ ಏಳೆಂಟು ತಿಂಗಳಿಗೆ ಅವಳ ಎದೆಬಡಿತ ತಾಳ ತಪ್ಪತೊಡಗಿತು. ನಾಲ್ಕು ಮೆಟ್ಟಿಲಿಗೆ ಏದುಸಿರು, ಸಂಜೆಯಾದರೆ ಪಾದ ಊದುತ್ತಿತ್ತು. ಸಂಘದ ಅಧ್ಯಕ್ಷರು ನಮಗೆ ದೂರದ ಮಾವ. ಯಾವ ವಿಷಯದಲ್ಲೂ ಗೊತ್ತಿಲ್ಲ ಅನ್ನುವ ಅಭ್ಯಾಸ ಅವರಿಗಿರಲಿಲ್ಲ.

"ಹೊಸ ಲಿವರ್ ಹಾಕಿದ್ದ, ಹೃದಯಕ್ಕೆಂತ ಆಗ್ತು? ಕಾರ್ಯಕ್ರಮ ಮುಗಿಸ್ಕ್ಯಂಡು ಹೋಗಿ ತೋರ್ಸು" ಎಂದರು.

ನಾನು ಯಲ್ಲಾಪುರದಲ್ಲಿ ಮಕ್ಕಳಿಂದ ಹೃದಯದ ಚಿತ್ರ ಬರೆಸುವ ವಿಜ್ಞಾನದ ಮೇಷ್ಟ್ರು. ಆ ಮಾತನ್ನು ಒಪ್ಪಿಕೊಂಡೆ. ಹೊಸ ಅಂಗಿಯನ್ನೂ ಹೊಲಿಸಿದ್ದೆನಲ್ಲ.

ಆ ದಿನ ತಂಗಿಯನ್ನು ಮೊದಲ ಸಾಲಿನಲ್ಲಿ ಕೂರಿಸಿದರು. ಅಧ್ಯಕ್ಷರು ಮುಕ್ಕಾಲು ಗಂಟೆ ತ್ಯಾಗದ ಬಗ್ಗೆ ಮಾತಾಡಿದರು. ಕಾಯಿಲೆಯ ಹೆಸರನ್ನು ತಪ್ಪು ಹೇಳಿದರು, ಅವಳ ಹೆಸರನ್ನು ಹೇಳಲೇ ಇಲ್ಲ. ಮಧ್ಯದಲ್ಲಿ ಅವಳು ಎದ್ದು ವೇದಿಕೆಯ ಅಂಚಿಗೆ ಬಂದಳು. ತುಟಿ ಬಿಳಿಚಿತ್ತು.

"ಅಣ್ಣ, ನಂಗೆ ಎದೆ ಹಾರ್ತಾ ಇದ್ದು. ಹೋಪನ."

"ಹತ್ತು ನಿಮಿಷ ತಡಿ. ಶಾಲು ಹೊದೆಸಿದ ಕೂಡ್ಲೆ ಹೋಪನ."

ಅವಳು ನನ್ನನ್ನೇ ಒಂದು ಕ್ಷಣ ನೋಡಿ ಹೋಗಿ ಕೂತಳು. ನಾನು ಶಾಲು ಹೊದೆಸಿಕೊಂಡೆ, ಹಣ್ಣಿನ ಬುಟ್ಟಿ ಹಿಡಿದೆ, ಫೋಟೋಗೆ ನಕ್ಕೆ. ವಂದನಾರ್ಪಣೆಯ ಹೊತ್ತಿಗೆ ಅವಳು ಕುರ್ಚಿಯಿಂದ ಜಾರಿ ಬಿದ್ದಳು. ಅಧ್ಯಕ್ಷರು ಮೈಕಿನಲ್ಲೇ, "ಸೆಕೆಗೆ ಆಗಿದ್ದು, ಯಾರೂ ಏಳುವುದು ಬೇಡ" ಎಂದರು. ಯಾರೂ ಏಳಲಿಲ್ಲ. ಟೈಪಿಂಗ್ ಕಲಿಯುವ ಇಬ್ಬರು ಹುಡುಗಿಯರು ಮಾತ್ರ ಓಡಿಬಂದು ಅವಳನ್ನು ಎತ್ತಿದರು.

ಹುಬ್ಬಳ್ಳಿಯ ಹೃದಯ ವೈದ್ಯರು ಪರೀಕ್ಷೆ ಮಾಡಿ, ಹೃದಯದ ಸ್ನಾಯು ದಪ್ಪವಾಗಿದೆ ಎಂದರು. ಕಸಿಯನ್ನು ದೇಹ ತಿರಸ್ಕರಿಸದಿರಲೆಂದು ಕೊಡುವ ಮಾತ್ರೆಯಿಂದ ಅಪರೂಪಕ್ಕೆ ಹಾಗಾಗುತ್ತದಂತೆ.

"ಇಷ್ಟು ದಿವಸ ಏನ್ ಮಾಡಾಕತ್ತಿದ್ರಿ?" ಎಂದು ಕೇಳಿದರು.



ಬೆಂಗಳೂರಿನ ಕಸಿ ವೈದ್ಯರೊಡನೆ ಮಾತಾಡಿ ಮಾತ್ರೆ ಬದಲಿಸಿದರು. ಐದಾರು ತಿಂಗಳಲ್ಲಿ ಊತ ಇಳಿಯಿತು, ಬಡಿತ ಹದಕ್ಕೆ ಬಂತು, ಅವಳು ಮತ್ತೆ ಕಲಿಸಲು ಹೋದಳು. ಮುಂದಿನ ತಪಾಸಣೆಗೆ ಜೊತೆಗೆ ಬರುತ್ತೇನೆ ಎಂದೆ.

"ಬ್ಯಾಡ. ನೀ ಬಂದ್ರೆ ಎಲ್ಲರೂ ನಿನ್ನನ್ನೇ ಮಾತಾಡ್ಸ್ತ" ಎಂದಳು.

ಹೃದಯದ ತಪಾಸಣೆ ಇನ್ನು ಸಾಕು ಎಂದು ವೈದ್ಯರು ಹೇಳುವವರೆಗೆ, ಎರಡು ವರ್ಷ, ಅವಳೊಬ್ಬಳೇ ಹುಬ್ಬಳ್ಳಿ ಬಸ್ಸಿನಲ್ಲಿ ಹೋಗಿಬಂದಳು.