ಪರದೇಶದ ತೊಗರಿಗೂ ಚರಗ

ಬೀದರ್ ಹತ್ತಿರದ ನಮ್ಮ ಸಂಶೋಧನಾ ಕೇಂದ್ರಕ್ಕೆ ಪರದೇಶದ ಕಾಡುತೊಗರಿ ಬೀಜ ತರಿಸಲು ಎರಡು ವರ್ಷ ಕಾಗದ ಬರೆದಿದ್ದೆ. ಕೊನೆಗೆ ಷರತ್ತಿನ ಮೇಲೆ ಬಂತು. ಒಂದು ಹಂಗಾಮು ಪೂರ್ತಿ ಕೀಟ ನುಸುಳದ ಬಲೆಮನೆಯೊಳಗೇ ಬೆಳೆಯಬೇಕು, ಹೊರಗಿನ ಒಂದು ಕಾಳೂ ಒಳಗೆ ಹೋಗಕೂಡದು. ತಪ್ಪಿದರೆ ಎಲ್ಲ ಗಿಡ ಸುಡಬೇಕು.

ಮೈಸೂರು ಕಡೆಯ ಅಧಿಕಾರಿಯೊಬ್ಬರು ತಪಾಸಣೆಗೆ ಬಂದದ್ದು ಸರಿಯಾಗಿ ಎಳ್ಳಮಾವಾಸ್ಯೆ ದಿನ. ಬಲೆಮನೆಯ ಬಾಗಿಲು ತೆಗೆದರೆ ಕುಂಡಗಳ ನಡುವೆ ಅವರೆ, ತೊಗರಿ, ಶೇಂಗಾ ಕಾಳು ಬಿದ್ದಿವೆ. ಗಿಡಕ್ಕೆ ನೀರು ಹಾಕುವ ಕಮಠಾಣದ ಶರಣಮ್ಮ ಬುಟ್ಟಿ ಹಿಡಿದು ಪಕ್ಕದಲ್ಲೇ ನಿಂತಿದ್ದಳು.

"ಏನಮ್ಮ ಇದು ಚೆಲ್ಲಿರೋದು?" ಅಧಿಕಾರಿ ಕೇಳಿದರು.

"ಚರಗ ರೀ. ಇವತ್ತ ಭೂಮಿತಾಯಿಗಿ ಎಡಿ ಅಂತ ಎಲ್ಲಾ ಹೊಲಕ್ಕೂ ಕಾಳಿನ ಭಜ್ಜಿ ಚೆಲ್ತೇವ್ರಿ. ಅಷ್ಟು ದೂರದಿಂದ ಬಂದಾವ, ಇವಕ್ಕ ಉಪಾಸ ಹ್ಯಾಂಗ ಇಡ್ಲಿರಿ? ಔಷಧದ ನೀರಾಗ ಕಾಲು ಅದ್ದೇ ಒಳಗ ಹೋಗೀನ್ರಿ."

ಅವರು ಬಗ್ಗಿ ಒಂದು ಕಾಳು ಹಿಸುಕಿದರು. "ಬೇಯಿಸಿದ್ದೀರಾ?"

"ಭೂಮಿತಾಯಿಗಿ ಹಸೀದು ಯಾರರ ಕೊಡ್ತಾರೇನ್ರಿ?"

ಬೆಂದ ಕಾಳು ಮೊಳೆಯುವುದಿಲ್ಲ. ಚೆಲ್ಲಿದ್ದನ್ನೆಲ್ಲ ಗುಡಿಸಿ ಸುಡಿ, ಗಿಡ ಇರಲಿ ಎಂದರು ಅಧಿಕಾರಿ. ಆಮೇಲೆ ಶರಣಮ್ಮನ ಬುಟ್ಟಿಯತ್ತ ನೋಡಿ, "ಆದರೆ ಪೂರ್ತಿ ಬೆಂದಿದೆ ಅಂತ ಖಾತ್ರಿ ಮಾಡ್ಕೋಬೇಕಲ್ಲ" ಎನ್ನುತ್ತ ಹೊರಗೆ ಬೇವಿನ ನೆರಳಲ್ಲಿ ಕೂತರು.

ಖಾತ್ರಿಯಾಗುವಷ್ಟರಲ್ಲಿ ಮೂರು ಸಜ್ಜೆ ರೊಟ್ಟಿ ಮುಗಿದಿದ್ದವು. ಶರಣಮ್ಮನಿಗೆ ಮಾತ್ರ ಇನ್ನೂ ಖಾತ್ರಿಯಾಗಿರಲಿಲ್ಲ. ನಾಲ್ಕನೆಯದನ್ನೂ ಹಾಕಿದಳು.