ಸೈಕಲ್ ದಾರಿಯಲ್ಲಿ ಕುಂಬಳದ ಹೂವು

ನನಗೆ ಸೈಕಲ್ ಹೊಡೆಯಲು ಬಂದದ್ದು ನಲವತ್ತು ದಾಟಿದ ಮೇಲೆ. ಹಲಸೂರು ಕೆರೆಯ ಹತ್ತಿರದ ಒಂದು ರಸ್ತೆಯಲ್ಲಿ, ಭಾನುವಾರದ ಬೆಳಗಿನ ಹೊತ್ತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಿದ್ದು ಬಿದ್ದು ಕಲಿತೆ. ಹಿಂದಿನಿಂದ ಸೀಟು ಹಿಡಿದುಕೊಳ್ಳುತ್ತೇನೆಂದು ಬಂದ ನನ್ನ ಗಂಡ, ನಾನು ಎರಡನೇ ಸಲ ಬಿದ್ದಾಗ ನಕ್ಕರು. ಅವತ್ತೇ ಅವರನ್ನು ಮನೆಗೆ ಕಳಿಸಿಬಿಟ್ಟೆ. ನನಗೆ ಸಿಟ್ಟು ಮೂಗಿನ ತುದಿಯಲ್ಲಿ, ಅದು ಅವರಿಗೂ ಗೊತ್ತು, ಈಗ ನಾವಿರುವ ಜೋಗುಪಾಳ್ಯದ ಅರ್ಧ ಬೀದಿಗೂ ಗೊತ್ತು.

ಸೈಕಲ್ ಬೇಕಾಗಿದ್ದು ಕೆಲಸಕ್ಕೆ. ಇಂದಿರಾನಗರದ ಒಂದು ಶಿಶುವಿಹಾರದಲ್ಲಿ ನಾನು ಮಕ್ಕಳನ್ನು ನೋಡಿಕೊಳ್ಳುತ್ತೇನೆ. ಆಫೀಸಿಗೆ ಹೊರಟ ತಂದೆ ತಾಯಿಯರು ಏಳು ಗಂಟೆಗೇ ಕೂಸುಗಳನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿರುತ್ತಾರೆ. ಬೀಗದ ಕೈ ಇರುವುದು ನನ್ನ ಹತ್ತಿರ. ನಡೆದರೆ ಮುಕ್ಕಾಲು ಗಂಟೆ, ಸೈಕಲ್ಲಿನಲ್ಲಿ ಹದಿನೈದು ನಿಮಿಷ. ನನ್ನ ಮೊಣಕಾಲು ಕೈಕೊಡುತ್ತಿದೆ ಎಂದು ಗೊತ್ತಾದಾಗ ಶಿಶುವಿಹಾರದ ಮೇಡಂ ತಮ್ಮ ಮಗಳು ಬಿಟ್ಟುಹೋದ ಸೈಕಲ್ಲನ್ನು ತೋರಿಸಿ, "ತಗೊಂಡ್ಹೋಗಿ, ಸುಮ್ನೆ ತುಕ್ಕು ಹಿಡೀತಿದೆ" ಅಂದರು. ರಾಯಚೂರು ಕಡೆಯ ನಮ್ಮ ಊರಿನಲ್ಲಿ ನನ್ನ ವಾರಗೆಯ ಹೆಂಗಸರು ಸೈಕಲ್ ಮುಟ್ಟಿದ್ದು ಒರೆಸುವುದಕ್ಕೆ ಮಾತ್ರ. ನನ್ನದು ಅಂತ ಒಂದು ಗಾಡಿ ಬಂತಲ್ಲ ಎಂದು ನಾನು ಎಷ್ಟು ಬೀಗಿದೆನೆಂದರೆ, ಮೊದಲ ವಾರ ಅಂಗಡಿಯಿಂದ ಒಂದು ಕಟ್ಟು ಕೊತ್ತಂಬರಿ ತರುವುದಕ್ಕೂ ಸೈಕಲ್ಲಿನಲ್ಲೇ ಹೋದೆ.

ಆದರೆ ನಮ್ಮ ಬೀದಿ ಸೈಕಲ್ಲಿಗೆ ಒಳ್ಳೆಯದಲ್ಲ. ಹಲಸೂರಿನಿಂದ ಇಂದಿರಾನಗರಕ್ಕೆ ಹೋಗುವವರಿಗೆಲ್ಲ ಅದು ಒಳದಾರಿ. ಶಾಲೆಯ ಬಸ್ಸು, ಆಟೊ, ನೀರಿನ ಟ್ಯಾಂಕರು ಎಲ್ಲವೂ ಅದರಲ್ಲೇ ನುಗ್ಗುತ್ತವೆ. ಎರಡನೇ ತಿಂಗಳು ಒಂದು ಆಟೊದ ಕನ್ನಡಿ ನನ್ನ ಮೊಣಕೈಗೆ ತಾಗಿ, ನಾನು ಚರಂಡಿಯ ಕಲ್ಲಿನ ಮೇಲೆ ಬಿದ್ದೆ. ಚರ್ಮ ಕಿತ್ತುಹೋಗಿತ್ತು ಅಷ್ಟೇ. ಗಂಡ ಮಾರತ್ತಹಳ್ಳಿಯಲ್ಲಿ ಒಂದು ಆಫೀಸಿನ ಕಾವಲು ಕೆಲಸ ಮುಗಿಸಿ ಬಂದವರು ಗಾಯ ನೋಡಿ ಊಟಕ್ಕೂ ಕೂರಲಿಲ್ಲ.

"ಈ ಗಾಡಿಗೋಳ ನಡುವ ನೀ ಸೈಕಲ್ ಹೊಡೆಯೂದು ಬ್ಯಾಡ. ಮಂದಿ ಕೂಸು ನೋಡಾಕ ಹೋಗಿ ನಮ್ಮ ಕೂಸು ತಾಯಿ ಇಲ್ದಂಗ ಆಗ್ತೈತಿ" ಅಂದರು. ನಾನು ಜಗಳವಾಡಲಿಲ್ಲ. ತಟ್ಟೆ ತಂದು ಅವರ ಮುಂದಿಟ್ಟೆ.

ಸೈಕಲ್ಲು ಮೆಟ್ಟಿಲ ಕೆಳಗೆ ಮೂರು ವಾರ ನಿಂತಿತು. ಅಷ್ಟರಲ್ಲಿ ಒಂದು ಬೆಳಿಗ್ಗೆ ನಮ್ಮ ಸಾಲಿನ ಮನೆಗಳ ಮುಂದೆ ಉದ್ದಕ್ಕೂ ಬಿಳಿ ಗೆರೆ ಬಿತ್ತು, ಗೆರೆಯ ಮೇಲೆ ಮೊಣಕಾಲೆತ್ತರದ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕಂಬಗಳು ಎದ್ದವು. ಮನೆಗೂ ಕಂಬಕ್ಕೂ ನಡುವೆ ಸೈಕಲ್ಲಿಗೆ ಮಾತ್ರ ದಾರಿ. ಮೂರು ತಿಂಗಳು ಪ್ರಯೋಗ, ಆಮೇಲೆ ಇರಿಸುವುದೋ ಕೀಳುವುದೋ ನೋಡೋಣ ಎಂದು ಪಾಲಿಕೆಯವರು ಹೇಳಿಹೋದರು. ಗಂಡ ಒಂದು ಕಂಬವನ್ನು ಕಾಲಿನಿಂದ ಒತ್ತಿ ನೋಡಿದರು. "ಇದರಾಗ ಹೋಗ್ತೀನಂದ್ರ ಹೋಗು. ಇದನ್ನ ಕಿತ್ತರಂದ್ರ ಸೈಕಲ್ಲೂ ನಿಮ್ಮ ಮೇಡಂಗ ವಾಪಸ್ ಕೊಟ್ಟುಬಿಡೂದು." ನಾನು ಹೂಂ ಅಂದೆ. ಹೀಗೆ ನನ್ನ ಸೈಕಲ್ಲಿನ ಆಯುಷ್ಯ ಆ ಪ್ಲಾಸ್ಟಿಕ್ ಕಂಬಗಳಿಗೆ ಅಂಟಿಕೊಂಡಿತು.

ಬೀದಿ ಸುಮ್ಮನಿರುತ್ತದೆಯೇ? ಒಂದು ಭಾನುವಾರ ಅಮ್ಮನ ಗುಡಿಯ ಮುಂದೆ ಕುರ್ಚಿ ಹಾಕಿ ಮೀಟಿಂಗ್ ಕರೆದರು. ಎದುರು ಮನೆಯ ನಿವೃತ್ತ ಸಾಹೇಬರು ಮೊದಲು ಎದ್ದು ನಿಂತರು. ಅವರ ಕಾರು ನಮ್ಮ ಕಡೆಯ ಗೋಡೆಗೆ ಒರಗಿ ವರ್ಷಗಟ್ಟಲೆ ನಿಂತಿತ್ತು, ಈಗ ಜಾಗ ಹೋಗಿತ್ತು. ನಾವೆಲ್ಲ ಅವರನ್ನು ಕಾರ್ ಅಂಕಲ್, ಒಂದೇ ಉಸಿರಿಗೆ ಕಾರಂಕಲ್ ಅನ್ನುತ್ತೇವೆ, ಅವರ ಬೆನ್ನ ಹಿಂದೆ.

"ನಮ್ ರೋಡಲ್ಲಿ ಸೈಕಲ್ ಯಾರ್ರೀ ಓಡಿಸ್ತಾರೆ? ಇದೇನ್ ಫಾರಿನ್ನಾ?" ಅಂದರು.

"ನಾನ್ ಓಡಿಸ್ತೀನಿ" ಅಂದೆ, ಹಿಂದಿನ ಸಾಲಿನಿಂದ.

ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು. "ನೀವು ಬಾಡಿಗೆಯವ್ರಲ್ವಾ?"

ಬೆಂಗಳೂರಿಗೆ ಬಂದು ಹನ್ನೆರಡು ವರ್ಷವಾದರೂ ಸಿಟ್ಟು ಬಂದಾಗ ನನ್ನ ಬಾಯಿಗೆ ಬರುವುದು ನಮ್ಮ ಕಡೆಯ ಮಾತೇ. "ಬಾಡಿಗಿ ಮನಿಗ್ರಿ ಸರ, ರಸ್ತಾಕ್ಕಲ್ಲ!" ಅಂದುಬಿಟ್ಟೆ. ಗುಡಿಯ ಪೂಜಾರಿಯೂ ನಕ್ಕರು.

ನನಗೆ ನಿಜವಾಗಿ ನೋವಾದದ್ದು ನಮ್ಮ ಓನರಮ್ಮನ ಮಾತಿನಿಂದ. ನಾವಿರುವ ಮೇಲಿನ ಕೋಣೆ ಅವರದು, ಕೆಳಗೆ ಅವರೊಬ್ಬರೇ. ಎಪ್ಪತ್ತು ದಾಟಿದ ಜೀವ, ಅದೇ ಮನೆಯಲ್ಲಿ ಹುಟ್ಟಿದವರು, ಮನೆಮಾತು ತಮಿಳು. ನನ್ನ ಮಗಳಿಗೆ ಜ್ವರ ಬಂದರೆ ನನಗಿಂತ ಮೊದಲು ಕಷಾಯ ಇಡುವವರು. ಅವರು ಎದ್ದು, "ಸೈಕಲ್ ದಾರಿ ಬೇಡ ಅನ್ನಲ್ಲ. ನನ್ ಬಾಗ್ಲು ಮುಂದೆ ಬೇಡ. ನಾನು ಕೋಲಂ ಎಲ್ಲಿ ಹಾಕ್ಲಿ?" ಅಂದರು. ಕೋಲಂ ಅಂದರೆ ಅವರ ರಂಗೋಲಿ. ಆಮೇಲೆ ಮಾತಾಡಿದವರೆಲ್ಲ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ದಾರಿ ಬೇಕು, ಪಕ್ಕದ ಮನೆಯ ಮುಂದೆ ಇರಲಿ. ಮೀಟಿಂಗು ಕಾಫಿಯೊಂದಿಗೆ ಮುಗಿಯಿತು, ತೀರ್ಮಾನ ಆಗಲಿಲ್ಲ.

ಓನರಮ್ಮನ ಮನಸ್ಸು ಬದಲಾಯಿಸಿದ್ದು ನಾನಲ್ಲ, ಕಾರಂಕಲ್. ಕಂಬಗಳ ನಡುವೆ ಒಂದು ಕಡೆ ಸ್ವಲ್ಪ ಹೆಚ್ಚು ಸಂದು ಇತ್ತು, ಅದೂ ಸರಿಯಾಗಿ ಓನರಮ್ಮನ ಹೊಸ್ತಿಲ ಮುಂದೆ. ಕಾರು ಹೋಗದಿದ್ದರೇನು ಎಂದು ಅವರು ಅಲ್ಲಿ ತಮ್ಮ ಸ್ಕೂಟರ್ ತೂರಿಸಿ ನಿಲ್ಲಿಸತೊಡಗಿದರು. ಮೂರನೆಯ ದಿನ ಬೆಳಕು ಹರಿಯುವ ಮೊದಲೇ ಓನರಮ್ಮ ಆ ಸಂದಿನ ತುಂಬ ರಂಗೋಲಿ ಬಿಟ್ಟು, ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತರು. ಅವನು ಚಾಪೆ ಕೆಳಗೆ ತೂರಿದರೆ ಇವಳು ರಂಗೋಲಿ ಕೆಳಗೆ ತೂರಿದಳು ಅನ್ನುತ್ತಾರಲ್ಲ, ಅದನ್ನು ನಾನು ಕಣ್ಣಾರೆ ಕಂಡೆ. ಕಾರಂಕಲ್ ಸ್ಕೂಟರ್ ತಳ್ಳಿಕೊಂಡು ಬಂದು, ರಂಗೋಲಿ ನೋಡಿ, ಓನರಮ್ಮನನ್ನು ನೋಡಿ, ಹಾಗೇ ವಾಪಸ್ ಹೋದರು.

ಆಗ ಓನರಮ್ಮನಿಗೆ ಒಂದು ವಿಷಯ ಹೊಳೆಯಿತು. ಐವತ್ತು ವರ್ಷ ಅವರು ಹಾಕಿದ ರಂಗೋಲಿಯ ಮೇಲೆ ಅರ್ಧ ಗಂಟೆಯಲ್ಲಿ ಯಾವುದಾದರೂ ಚಕ್ರ ಹತ್ತುತ್ತಿತ್ತು. ಈಗ ಕಂಬಗಳ ಒಳಗೆ ಯಾರೂ ಗಾಡಿ ನಿಲ್ಲಿಸುವುದಿಲ್ಲ. ಬೀದಿಯಲ್ಲಿ ಅಷ್ಟು ಚೊಕ್ಕ ಜಾಗ ಅವರಿಗೆ ಹಿಂದೆಂದೂ ಸಿಕ್ಕಿರಲಿಲ್ಲ. "ಇರ್ಲಿ ಬಿಡು ಮಾ ಈ ದಾರಿ, ಚೆನ್ನಾಗೇ ಇದೆ" ಅಂದರು. ನಾನು ಗೆದ್ದೆ ಅಂದುಕೊಂಡೆ. ದಡ್ಡಿ ನಾನು.

ಧನುರ್ಮಾಸ ಬಂತು. ಆ ತಿಂಗಳಲ್ಲಿ ಓನರಮ್ಮನ ಮನೆತನದವರು ದಿನವೂ ನೆಲಕ್ಕೆ ನೀರು ಹಾಕಿ, ಅಕ್ಕಿ ಹಿಟ್ಟಿನಲ್ಲಿ ದೊಡ್ಡ ರಂಗೋಲಿ ಬಿಟ್ಟು, ನಡುವೆ ಸಗಣಿಯ ಉಂಡೆ ಇಟ್ಟು, ಅದಕ್ಕೆ ಕುಂಬಳದ ಹೂವು ಸಿಕ್ಕಿಸುತ್ತಾರೆ. ಅವರನ್ನು ನೋಡಿ ಪಕ್ಕದ ಮನೆಯವರು, ಅವರನ್ನು ನೋಡಿ ಆಚೆ ಮನೆಯವರು. ವಾರದೊಳಗೆ ಸೈಕಲ್ ದಾರಿಯ ಉದ್ದಕ್ಕೂ ಗೋಡೆಯಿಂದ ಕಂಬದವರೆಗೆ ರಂಗೋಲಿ. ಎಷ್ಟು ಚಂದ ಇತ್ತೆಂದರೆ, ನಾನು ಮೊದಲ ದಿನ ಸೈಕಲ್ ಹಿಡಿದು ಎರಡು ನಿಮಿಷ ಸುಮ್ಮನೆ ನಿಂತೆ.

ನಿಂತೆ, ಆಮೇಲೆ ಕಂಬಗಳ ಸಂದಿನಿಂದ ಹೊರಗೆ ಇಳಿದು ಟ್ಯಾಂಕರ್ ಹೋಗುವ ರಸ್ತೆಯಲ್ಲೇ ಹೋದೆ. ರಂಗೋಲಿ ತುಳಿಯಬಾರದು ಎನ್ನುವುದನ್ನು ನಮಗೆ ಯಾರೂ ಹೇಳಿಕೊಡುವುದಿಲ್ಲ, ಕಾಲಿಗೇ ಗೊತ್ತಿರುತ್ತದೆ. ಹಾಲಿನ ಡಬ್ಬ ಕಟ್ಟಿಕೊಂಡು ಬರುವವರು ಹೊರಗೆ ಇಳಿದರು. ಹೂವಿನವರು ಇಳಿದರು. ಶಿವಾಜಿನಗರಕ್ಕೆ ವೆಲ್ಡಿಂಗ್ ಕೆಲಸಕ್ಕೆ ಹೋಗುವ ಒಬ್ಬ ಭಾಯ್ ಇದ್ದಾರೆ, ಅವರೂ ಇಳಿದರು. "ಅಮ್ಮಾ ಬೆಳಿಗ್ಗೆ ಎದ್ದು ಹಾಕಿರ್ತಾರೆ, ಅದ್ರ ಮೇಲೆ ಟೈರ್ ಹತ್ತಿಸ್ಲಾ?" ಅಂದರು. ಒಂದು ಬೆಳಿಗ್ಗೆ ಹಿಂದಿನಿಂದ ಟ್ಯಾಂಕರ್ ಹಾರ್ನ್ ಹೊಡೆದು, ಅದರ ಪಕ್ಕೆ ನನ್ನ ಭುಜಕ್ಕೆ ಗೇಣು ದೂರದಲ್ಲಿ ಹಾದುಹೋಯಿತು. ಮುಂದಿನ ತಿರುವಿನಲ್ಲಿ ಇಳಿದು ನಿಂತೆ.

ಗಂಡನಿಗೆ ಹೇಳಲಿಲ್ಲ, ಹೇಳಿದರೆ ಸೈಕಲ್ ಹೋಗುತ್ತದೆ. ರಂಗೋಲಿ ಮುಗಿಸಿ ಗುಡಿಗೆ ಹೋಗಿಬಿಡುತ್ತಿದ್ದ ಓನರಮ್ಮನಿಗೆ ಇದು ಕಾಣುತ್ತಿರಲಿಲ್ಲ, ನಾನೂ ಹೇಳಲಿಲ್ಲ. ಊರಿಗೆಲ್ಲ ಬಾಯಿ ಮಾಡುವ ನನಗೆ ಅವರೆದುರು ಮಾತ್ರ ಬಾಯಿ ಬರಲಿಲ್ಲ. ಐವತ್ತು ವರ್ಷಕ್ಕೆ ಜಾಗ ಸಿಕ್ಕಿದ ಖುಷಿಯಲ್ಲಿ ಇರುವವರಿಗೆ ನಿಮ್ಮ ರಂಗೋಲಿ ನಮ್ಮನ್ನು ರಸ್ತೆಗೆ ತಳ್ಳುತ್ತಿದೆ ಎಂದು ಹೇಗೆ ಹೇಳಲಿ? ಕಾರಂಕಲ್ ಮಾತ್ರ ತಮ್ಮ ಬಾಲ್ಕನಿಯಿಂದ ದಿನವೂ ಫೋಟೋ ತೆಗೆದು ಪಾಲಿಕೆಯವರಿಗೆ ಕಳಿಸುತ್ತಿದ್ದರು. ಒಳಗೆ ಖಾಲಿ ದಾರಿ, ಹೊರಗೆ ಸೈಕಲ್ಲುಗಳು. ಅವರು ಸುಳ್ಳೇನೂ ಹೇಳುತ್ತಿರಲಿಲ್ಲ, ಅದೇ ನನಗೆ ಉರಿ.

ಮೂರು ತಿಂಗಳು ಮುಗಿಯುತ್ತ ಬಂದಾಗ, ಒಂದು ಬೆಳಿಗ್ಗೆ ಪಾಲಿಕೆಯವರು ಸೈಕಲ್ ಎಣಿಸಲು ಬರುತ್ತಾರೆಂದು ಗೊತ್ತಾಯಿತು. ಹಿಂದಿನ ದಿನ ಓನರಮ್ಮನಿಗೆ ಹೇಳಿದೆ: "ಅಮ್ಮಾ, ನಾಳೆ ಆಫೀಸ್‌ನೋರು ಬರ್ತಾರೆ. ಈ ದಾರಿ ಹೋದ್ರೆ ನನ್ ಸೈಕಲ್ಲೂ ಹೋಯ್ತು." ಮುಖ್ಯವಾದ ಮಾತನ್ನು ಆಗಲೂ ನುಂಗಿಕೊಂಡೆ. ಬೆಳಿಗ್ಗೆ ಬೇಗ ಎದ್ದು ಅಂಚಿನಲ್ಲಿ ಒಂದು ಗೇಣು ಗುಡಿಸಿಕೊಂಡು ಹೋದರಾಯಿತು ಎಂದು ನನ್ನ ಲೆಕ್ಕ. ಅವರು ನನ್ನ ಕೆನ್ನೆ ತಟ್ಟಿ, "ನಾನ್ ನೋಡ್ಕೋತೀನಿ, ಮಲ್ಕೋ ಹೋಗು" ಅಂದರು.

ಆರೂವರೆಗೆ ಸೈಕಲ್ ತಳ್ಳಿಕೊಂಡು ಬಂದು ನೋಡುತ್ತೇನೆ. ನಮ್ಮ ಮನೆಯಿಂದ ಆಚೆ ಆರು ಮನೆಯವರೆಗೆ ಒಂದೇ ರಂಗೋಲಿ. ಬಳ್ಳಿಗೆ ಬಳ್ಳಿ ಹೆಣೆದು, ಒಂದು ಬೆರಳು ಜಾಗ ಬಿಡದೆ. ನಡುವೆ ಕುಂಬಳದ ಹೂವು ಒಂದಲ್ಲ, ಒಂಬತ್ತು. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತ, ಎಣಿಸಲು ಬಂದ ಎಂಜಿನಿಯರ್ ಹುಡುಗಿಯ ಕೈಯಲ್ಲಿ ಓನರಮ್ಮನ ಮನೆಯ ಕಾಫಿ ಲೋಟ, ತೊಡೆಯ ಮೇಲೆ ಹಾಳೆ. ಹಾಳೆಯಲ್ಲಿ ಎರಡು ಸಾಲು: ದಾರಿಯ ಒಳಗೆ, ದಾರಿಯ ಹೊರಗೆ. ಹೊರಗಿನ ಸಾಲು ತುಂಬಿತ್ತು. ಒಳಗಿನ ಸಾಲಿನಲ್ಲಿ ಒಂದು ಗೆರೆಯೂ ಇರಲಿಲ್ಲ.

"ನೋಡು ಮಾ! ದಾರಿ ಲಕ್ಷಣವಾಗಿ ಕಾಣ್ಲಿ ಅಂತ ಮೂರ್ ಗಂಟೆಗೇ ಎದ್ದೆ. ಇಷ್ಟ್ ಚೆನ್ನಾಗಿರೋ ದಾರೀನ ಯಾರ್ ಕೀಳ್ತಾರೆ?" ಅಂದರು ಓನರಮ್ಮ. ಮೊಣಕೈವರೆಗೂ ಹಿಟ್ಟು, ಸೊಂಟ ನೆಟ್ಟಗೆ ಮಾಡಲು ಆಗುತ್ತಿರಲಿಲ್ಲ.

ನನಗೆ ಅಳು ಬಂತು, ಅಳು ಸಿಟ್ಟಾಗಿ ಹೊರಬಿತ್ತು. "ಅಮ್ಮಾರ, ನಿಮ್ಮ ರಂಗೋಲಿ ತುಳೀಬಾರ್ದಂತ ನಾವೆಲ್ಲಾ ಹೊರಗ ಹೋಗಾಕತ್ತೀವ್ರಿ! ಹೋದ ವಾರ ನಾ ಟ್ಯಾಂಕರ್ ಕೆಳಗ ಹೋಗ್ತಿದ್ದೆ!"

ಅವರಿಗೆ ಮೊದಲು ಅರ್ಥವಾಗಲಿಲ್ಲ. ರಸ್ತೆಯ ಕಡೆ ತಿರುಗಿದರು. ಹೂವಿನವರು ಆಗತಾನೆ ಒಂದು ಶಾಲೆ ಬಸ್ಸಿನ ಪಕ್ಕದಲ್ಲಿ ಹ್ಯಾಂಡಲ್ ಬಿಗಿಹಿಡಿದು ಹೋಗುತ್ತಿದ್ದರು. ಹೂವಿನವರು ತಿರುವು ದಾಟುವವರೆಗೂ ಓನರಮ್ಮ ನೋಡಿದರು.

"ಎಷ್ಟ್ ದಿವಸದಿಂದ?"

"ಮಾಸ ಶುರು ಆದಾಗಿಂದ."

"ಬಾಯಿಲ್ವಾ ನಿಂಗೆ? ಮೀಟಿಂಗಲ್ಲಿ ಅಷ್ಟ್ ಬಾಯಿತ್ತು!" ಅವರ ಕಣ್ಣು ತುಂಬಿತ್ತು. "ಕೋಲಂ ಯಾಕ್ ಹಾಕ್ತೀವಿ? ಹೊರ್ಗೆ ಹೋದೋರು ಚೆನ್ನಾಗಿ ಮನೆಗ್ ಬರ್ಲಿ ಅಂತ. ನೀನೇ ಬರ್ದಿದ್ರೆ ನನ್ ಹಿಟ್ಟಿಗೇನ್ ಅರ್ಥ?"

ಅಷ್ಟು ಹೇಳಿ, ಬರಿಗಾಲಲ್ಲಿ ತಮ್ಮ ರಂಗೋಲಿಯ ಮೇಲೆ ನಡೆದರು. ಒಂದು ಚಕ್ರವೂ ಹತ್ತಬಾರದೆಂದು ಅಂದು ಸ್ಟೂಲ್ ಹಾಕಿಕೊಂಡು ಕಾದವರು. ಒಂದೊಂದೇ ಹೂವನ್ನು ಬಗ್ಗಿ ತೆಗೆದು ಮಡಿಲಿಗೆ ಹಾಕಿಕೊಳ್ಳುತ್ತ, ಕಾಲೆಳೆಯುತ್ತ ಆರೂ ಮನೆ ದಾಟಿ, ಆ ಕೊನೆಯಲ್ಲಿ ನಿಂತು ಕೈ ಬೀಸಿದರು. "ಬಾ! ಮೇಲೇ ಬಾ! ಮಕ್ಳು ಬಾಗ್ಲಲ್ಲಿ ಕಾಯ್ತಿರ್ತಾವೆ!"

ನಾನು ಹತ್ತಿದೆ. ಕಣ್ಣು ಮಂಜಾಗಿ ನೆಲ ಸರಿಯಾಗಿ ಕಾಣಲಿಲ್ಲ. ಹಿಂದಿನಿಂದ ಎಂಜಿನಿಯರ್ ಹುಡುಗಿ "ಒಂದು" ಅಂದದ್ದು ಕೇಳಿಸಿತು. ನಾನು ಹೋದ ಮೇಲೆ ಒಂಬತ್ತು ಗಂಟೆಯವರೆಗೂ ಓನರಮ್ಮ ದಾರಿಯ ಬಾಯಲ್ಲಿ ನಿಂತು, ಹಾಲಿನವರನ್ನೂ ಭಾಯಿಯನ್ನೂ ಗದರಿಸಿ ಗದರಿಸಿ ರಂಗೋಲಿಯ ಮೇಲೆ ಹತ್ತಿಸಿದರಂತೆ.

ಅವತ್ತು ಸಂಜೆ ಗಂಡನಿಗೆ ಟ್ಯಾಂಕರಿನ ವಿಷಯ ಹೇಳಿದೆ. ಮೂರನೆಯ ದಿನ ಅವರೇ ಸೈಕಲ್ಲಿನ ಚೈನಿಗೆ ಎಣ್ಣೆ ಬಿಟ್ಟುಕೊಟ್ಟರು. ಕಂಬಗಳನ್ನು ಇನ್ನೊಂದಷ್ಟು ತಿಂಗಳು ಇರಿಸಿದ್ದಾರೆ. ಕಾರಂಕಲ್ ವಾದ ನಿಲ್ಲಿಸಿಲ್ಲ, ನಾನೂ ನಿಲ್ಲಿಸಿಲ್ಲ.

ಓನರಮ್ಮ ಈಗಲೂ ದಿನವೂ ದಾರಿಯ ಅಗಲಕ್ಕೇ ರಂಗೋಲಿ ಹಾಕುತ್ತಾರೆ, ಮತ್ತು ನಾನು ಅದರ ಮೇಲೆ ದಾಟುವವರೆಗೂ ಕಾಫಿ ಕುಡಿಯುವುದಿಲ್ಲ. ನನಗೆ ಮಾತ್ರ ಇನ್ನೂ ಮನಸ್ಸು ಒಪ್ಪುವುದಿಲ್ಲ. ಅಲ್ಲಿಗೆ ಬಂದ ಕೂಡಲೇ ಪೆಡಲ್ ಬಿಟ್ಟು, ಎರಡೂ ಕಾಲನ್ನು ಮೇಲಕ್ಕೆ ಎತ್ತಿಬಿಡುತ್ತೇನೆ. ಹೂವಿನವರೂ ಹಾಗೇ ಮಾಡುತ್ತಾರೆ, ಭಾಯಿಯೂ ಹಾಗೇ. ಕಾಲೆತ್ತಿಕೊಂಡು ತೇಲಿಹೋಗುವ ನಮ್ಮನ್ನು ನೋಡಿ ಓನರಮ್ಮ ಸ್ಟೂಲಿನಿಂದ ಎದ್ದು ಕೂಗುತ್ತಾರೆ: "ಕಾಲ್ ಇಳ್ಸು ಮಾ, ಬಿದ್ದುಗಿದ್ದೀಯ!"