ಮುಂದಿನ ಚಕ್ರದ ತಿರುಪು

ಹಸು ಮತ್ತು ಪಿಕಪ್ಪು, ಇವೆರಡರ ವಿಷಯದಲ್ಲಿ ಆರ್ಡಿಸ್ ಟೋಲೆಫ್ಸನ್‌ಗೆ ಬುದ್ಧಿ ಹೇಳುವ ಗಂಡು ಮೊಂಟಾನಾದಲ್ಲಿ ಇನ್ನೂ ಹುಟ್ಟಿರಲಿಲ್ಲ. ಮದುವೆಯಾದ ಗಂಡ ಡೆಲ್ಮರ್ ಕೂಡ ಹೇಳಿ ಹೇಳಿ ಸೋತು ಸುಮ್ಮನಾಗಿದ್ದ. ಮೊದಲ ಹಿಮ ಬಿದ್ದ ದಿನ ಅವಳು ಹಳೇ ಪಿಕಪ್ಪಿನ ಮುಂದಿನ ಎರಡೂ ಚಕ್ರಗಳ ನಟ್ಟನಡುವೆ ಇರುವ ತಿರುಪುಗಳನ್ನು ಕೈಯಾರೆ ಬಿಗಿಯುತ್ತಿದ್ದಳು. ಅವು ಬಿಗಿದಿದ್ದರೇ ನಾಲ್ಕೂ ಚಕ್ರ ದುಡಿಯುವುದು. ಆಮೇಲೆ ವಸಂತದಲ್ಲಿ ಕರುಗಳಿಗೆ ಮುದ್ರೆ ಹಾಕುವವರೆಗೆ ಅತ್ತ ತಿರುಗಿಯೂ ನೋಡುತ್ತಿರಲಿಲ್ಲ. ಅವಳ ಅಪ್ಪನದೂ ಅದೇ ರೂಢಿ, ಸುತ್ತಲಿನವರದೂ ಅದೇ.

ಮಾರ್ಚ್‌ನ ಒಂದು ಮಧ್ಯಾಹ್ನ, ಚೊಚ್ಚಲ ಕಡಸೊಂದು ಹಳ್ಳದ ಆಚೆ ಹೋಗಿ ಮಲಗಿಬಿಟ್ಟಿತು. ದುರ್ಬೀನು ಹಿಡಿದು ನೋಡಿದರೆ, ಕರುವಿನ ಕಾಲು ಹೊರಬಂದು ಅಲ್ಲೇ ನಿಂತಿದೆ. ಆರ್ಡಿಸ್ ಗಾಡಿ ಹತ್ತಿದಳು. ಎಡಗಾಲಿಗೆ ಪಟ್ಟಿ ಹಾಕಿಸಿಕೊಂಡಿದ್ದ ಡೆಲ್ಮರ್ ಕುಂಟುತ್ತಾ ಬಂದು ಪಕ್ಕದಲ್ಲಿ ಕೂತ.

"ಅಬ್ಬಾ, ಎಷ್ಟು ಚೊಕ್ಕಟವಾಗಿದೆ ಗಾಡಿ!" ಎಂದ.

"ನೆಲ್ಸ್ ನಿನ್ನೆ ಪಟ್ಟಣಕ್ಕೆ ತಗೊಂಡು ಹೋಗಿದ್ನಲ್ಲ. ತೊಳೆದು ತಂದಿದಾನೆ." ಪಕ್ಕದ ಜಮೀನಿನ ನೆಲ್ಸ್, ಎರವಲು ಪಡೆದ ವಸ್ತುವನ್ನು ಇದ್ದದ್ದಕ್ಕಿಂತ ಚೆನ್ನಾಗಿಯೇ ಹಿಂದಿರುಗಿಸುವವರ ಪೈಕಿ.

ಹಳ್ಳದ ತಗ್ಗಿನಲ್ಲಿ ಗಾಡಿ ಹೂತುಕೊಂಡಿತು. ಆರ್ಡಿಸ್ ಮುಂದಿನ ಚಕ್ರಗಳನ್ನೂ ದುಡಿಮೆಗೆ ಹಚ್ಚುವ ಸನ್ನೆಗೋಲು ಎಳೆದಳು. ಹಿಂದಿನ ಚಕ್ರ ಹಿಮ ಎರಚಿತೇ ಹೊರತು ಗಾಡಿ ಒಂದಿಂಚು ಕದಲಲಿಲ್ಲ. ಮತ್ತೆ ಎಳೆದಳು. ಫ್ಯೂಸು ನೋಡಿದಳು, ಸನ್ನೆಗೋಲಿನ ಬುಡ ಅಲ್ಲಾಡಿಸಿದಳು. ಏನೂ ಆಗಲಿಲ್ಲ.

"ಹೋಯ್ತು ಬಿಡೇ. ಗೇರಿನ ಹಲ್ಲೆಲ್ಲ ಉದುರಿರ್ಬೇಕು."

"ನಿನ್ನ ಹಲ್ಲು ಉದುರಿರೋದು. ಬಾಯಿ ಮುಚ್ಕೊಂಡು ಕೂತ್ಕೋ!"

ಬೈಯುತ್ತಲೇ ಅವಳು ಹಳ್ಳದ ಆಚೆ ನೋಡಿದಳು. ನಡೆದು ಹೋಗಿ ಕರುವನ್ನು ಎಳೆದು ತೆಗೆಯಬಹುದು. ಆದರೆ ಈ ಗಾಳಿಯಲ್ಲಿ ಒದ್ದೆ ಕರುವನ್ನು ಹೊತ್ತು ತರುವಷ್ಟರಲ್ಲಿ ಅದು ಮರಗಟ್ಟಿ ಹೋಗುತ್ತದೆ. ಗಾಡಿಯ ಬಿಸಿ ಬೇಕೇ ಬೇಕು.

ಕೊನೆಗೆ ಅತಿ ನಿಧಾನದ ಗೇರಿಗೆ ಹಾಕಿ, ಹಿಂದಿನ ಚಕ್ರಗಳು ಮೆಲ್ಲಗೆ ಸುತ್ತುತ್ತಿರುವಂತೆಯೇ ಕೆಳಗಿಳಿದಳು.

"ಕೀಲಿ ಹಿಡ್ಕೊಂಡಿರು. ಕದಲಿದ್ರೆ ಆರಿಸು."

"ಗಾಡಿ ಅಡಿಗೆ ನುಗ್ಗಬೇಡ ಕಣೇ, ಹುಚ್ಚಿ! ಕಾಲು ಮುರ್ಕೊಂಡವನು ಮನೇಲಿ ಒಬ್ಬನೇ ಸಾಕು!"

ಅವಳು ನುಗ್ಗಲಿಲ್ಲ, ದೂರದಿಂದಲೇ ಬಗ್ಗಿ ನೋಡಿದಳು. ಮುಂದಿನ ಚಕ್ರಗಳಿಗೆ ಹೋಗುವ ದಂಡ ಸುತ್ತುತ್ತಿದೆ! ಅಂದರೆ ಹಲ್ಲೆಲ್ಲ ನೆಟ್ಟಗಿವೆ. ಆದರೂ ಚಕ್ರ ಮಾತ್ರ ಸುಮ್ಮನೆ ನಿಂತಿದೆ. ಆಗ ಅವಳ ಕಣ್ಣು ಚಕ್ರದ ನಡುವಿನ ತಿರುಪಿನ ಮೇಲೆ ಬಿತ್ತು. ಚಳಿಗಾಲವಿಡೀ ಕೆಸರಿನಲ್ಲಿ ಮುಚ್ಚಿರುತ್ತಿದ್ದ ತಿರುಪು ತೊಳೆದ ಬಟ್ಟಲಿನಂತೆ ಹೊಳೆಯುತ್ತಿತ್ತು. ಸಡಿಲಿಸಿದ ಗುರುತಿಗೆ ತಿರುಗಿತ್ತು.

"ಅಯ್ಯೋ ನೆಲ್ಸ್, ನಿನ್ನ ಒಳ್ಳೇತನಕ್ಕೆ ಬೆಂಕಿ ಬೀಳ!"

ಗಾಡಿ ಆರಿಸಿ, ಎರಡೂ ಕಡೆ ತಿರುಪು ಬಿಗಿದಳು. ಪಿಕಪ್ಪು ಒಮ್ಮೆ ಮುಕ್ಕರಿಸಿ ತಗ್ಗಿನಿಂದ ಮೇಲೆದ್ದಿತು. ಆರ್ಡಿಸ್‌ಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ಕಡಸು ಇನ್ನೂ ತಿಣುಕುತ್ತಿತ್ತು. ಕರುವಿನ ಕಾಲಿಗೆ ಸರಪಳಿ ಕಟ್ಟಿ ಅವಳು ಎಳೆದಳು, ಕಡಸು ತಿಣುಕಿತು, ಕರು ಜಾರಿ ಹಿಮದ ಮೇಲೆ ಬಿತ್ತು. ಉಸಿರಿಲ್ಲ. ಮೂಗಿಗೆ ಹುಲ್ಲುಕಡ್ಡಿ ತೂರಿಸಿ, ಪಕ್ಕೆ ತಿಕ್ಕಿದಾಗ ಎಳೆಯಷ್ಟು ಉಸಿರು ಬಂತು; ಎತ್ತಿ ಗಾಡಿಯೊಳಗೆ ಡೆಲ್ಮರನ ಕಾಲಬುಡದಲ್ಲಿ ಹಾಕಿದಳು. ಅವನು ತನ್ನ ಕೋಟು ಬಿಚ್ಚಿ ಉಜ್ಜತೊಡಗಿದ. ಹಿಂದೆ ತಾಯಿ ಅಂಬಾ ಎನ್ನುತ್ತಾ ತೂರಾಡಿಕೊಂಡು ಬರುತ್ತಿತ್ತು.

ಅರ್ಧ ದಾರಿಯಲ್ಲಿ ಆರ್ಡಿಸ್ ನೆಲ್ಸ್‌ಗೆ ಫೋನು ಹಚ್ಚಿದಳು.

"ತಿರುಪು ಸಡಿಲಿಸಿದ್ಯೇನೋ?"

"ಹೂಂ ಅಕ್ಕಾ. ಬಿಗಿದಿದ್ದಕ್ಕೆ ಹೆದ್ದಾರೀಲಿ ಜಾಸ್ತಿ ಪೆಟ್ರೋಲು ಕುಡೀತಿತ್ತು. ಪಾಪ, ನಿಮಗೆ ಉಳೀಲಿ ಅಂತ..."

ಆರ್ಡಿಸ್ ಬಾಯಿ ತೆರೆದಳು. ಅಷ್ಟರಲ್ಲಿ ಡೆಲ್ಮರನ ಪಟ್ಟಿ ಕಟ್ಟಿದ ಕಾಲಿನ ಮೇಲೆ ಕರು ಜೋರಾಗಿ ಸೀನಿತು, ತಲೆ ಕೊಡವಿತು, ಸಣ್ಣಗೆ ಕೂಗಿತು.

ಬೈಯುವುದನ್ನು ಬಿಟ್ಟು ಅವಳು ಬಗ್ಗಿ ಕರುವಿನ ಒದ್ದೆ ಕಿವಿ ಸವರಿದಳು.

"ಮುಂದಿನ ಸಲ ಕೊಳಕಾಗಿಯೇ ತಂದುಕೊಡೋ, ನನ್ನಪ್ಪಾ," ಎಂದಳು.